ಸ್ವಂತ ಊರಿನ ಲಾಡ್ಜಿನಲ್ಲಿ

ಲಿಂಗಸುಗೂರಿನ ಬಜಾರದ ನಡುವೆ ಒಂದು ಹಳೆಯ ಲಾಡ್ಜ್ ಇದೆ. ನಿಜಾಮನ ಕಾಲದ್ದು ಎನ್ನುತ್ತಾರೆ. ಕೆಳಗೆ ಅಂಗಡಿಗಳು, ಮೇಲೆ ಕೋಣೆಗಳು, ರಸ್ತೆಯ ಕಡೆಗೆ ಕಟ್ಟಿಗೆಯ ಕಂಬಗಳ ಉದ್ದನೆಯ ಬಾಲ್ಕನಿ. ಆ ಊರಿನಲ್ಲೇ ಹುಟ್ಟಿ ಬೆಳೆದ ನಾನು ಅರವತ್ತರ ಹತ್ತಿರ ಬರುವ ತನಕ ಅದರ ಮೆಟ್ಟಿಲು ಹತ್ತಿದವಳಲ್ಲ. ಹತ್ತುವ ಆಸೆಯೂ ನನಗಿರಲಿಲ್ಲ. ಆಸೆ ಇದ್ದದ್ದು ನಮ್ಮ ಅಕ್ಕನಿಗೆ.

ಅಕ್ಕ ತುರ್ವಿಹಾಳದ ಶಾಲೆಯಲ್ಲಿ ಬಹಳ ವರ್ಷ ಟೀಚರ್ ಆಗಿದ್ದವಳು. ನಿವೃತ್ತಳಾದ ಮೇಲೆ ಸಿಂಧನೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನಿರುವುದು ಬಳ್ಳಾರಿಯಲ್ಲಿ. ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತೇವೆ. ಹೆಚ್ಚಾಗಿ ಮೊಣಕಾಲು, ಸಕ್ಕರೆ ಕಾಯಿಲೆ, ಯಾವ ಅಂಗಡಿಯ ಬೇಳೆ ಚೆನ್ನಾಗಿ ಬೇಯುತ್ತದೆ, ಇಷ್ಟೇ ಮಾತು. ಹೋದ ಬೇಸಿಗೆಯ ಒಂದು ಸಂಜೆ ಅಕ್ಕ ಇದ್ದಕ್ಕಿದ್ದಂತೆ ಅಂದಳು:

"ಏ ತಂಗಿ, ಲಿಂಗಸೂರಿಗೆ ಹೋಗೂಣ. ಎರಡು ದಿನ ಇದ್ದು ಬರೂಣ."

"ಯಾರ ಮನಿಗೆ? ನಮ್ಮೋರು ಯಾರದಾರ ಅಲ್ಲಿ?"

ನಮ್ಮ ಅಪ್ಪ ತಹಶೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಜಾರದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಅವರಿಗೆ ವರ್ಗವಾದಾಗ ಊರು ಬಿಟ್ಟೆವು, ಅಲ್ಲಿಗೆ ಆ ಊರಿನ ಋಣ ಮುಗಿದಿತ್ತು.

"ಯಾರ ಮನಿಗೂ ಅಲ್ಲ ಬೇ. ಆ ಬಾಲ್ಕನಿ ಲಾಡ್ಜ್ ಇತ್ತಲ್ಲ, ಅದರಾಗ ಇಳಕೊಳ್ಳೂಣ."

ನನಗೆ ನಗು ಬಂತು. ಆಮೇಲೆ ಅವಳು ನಗುತ್ತಿಲ್ಲವೆಂದು ತಿಳಿದು ಗಾಬರಿಯಾಯಿತು. ನಮ್ಮೂರಿನಲ್ಲೇ ನಾವು ಲಾಡ್ಜ್ ಹಿಡಿಯುವುದೆಂದರೇನು, ಯಾರಾದರೂ ನೋಡಿದರೆ ಏನೆಂದಾರು ಎಂದೆ. "ನೋಡಾಕ ಯಾರದಾರ ಅಂತ ಈಗ ನೀನ ಕೇಳಿದ್ಯಲ್ಲ" ಅಂದಳು. ಟೀಚರ್ ಬಾಯಿಗೆ ಎದುರಾಡಿ ಗೆದ್ದವರಿಲ್ಲ.

ಅವಳ ಆಸೆಯ ಬೇರು ನನಗೆ ಗೊತ್ತಿತ್ತು. ಚಿಕ್ಕವರಿದ್ದಾಗ ನಾವು ದಿನಾ ಆ ಲಾಡ್ಜಿನ ಕೆಳಗಿನಿಂದಲೇ ಶಾಲೆಗೆ ಹೋಗುತ್ತಿದ್ದೆವು. ಒಂದು ದಿನ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಒಬ್ಬಳೇ ಕುರ್ಚಿಯ ಮೇಲೆ ಕೂತು, ಕಪ್ಪಿನ ಚಹಾ ಬಸಿಗೆ ಸುರುವಿಕೊಂಡು ಕುಡಿಯುತ್ತ ಬಜಾರ ನೋಡುತ್ತಿದ್ದಳು. ಅವಸರವಿಲ್ಲ, ಯಾರ ಅಂಜಿಕೆಯೂ ಇಲ್ಲ. ನಮ್ಮ ಅವ್ವ ಮನೆಯಲ್ಲೇ ಎಂದೂ ಹಾಗೆ ಕೂತು ಚಹಾ ಕುಡಿದವಳಲ್ಲ. ಅಕ್ಕ ರಸ್ತೆಯ ನಡುವೆ ನಿಂತೇಬಿಟ್ಟಿದ್ದಳು. ಆ ಸಂಜೆ ಅಪ್ಪನನ್ನು ಆ ಹೆಂಗಸು ಯಾರೆಂದು ಕೇಳಿ, "ಲಾಡ್ಜಿನ ಕಡೆ ಮುಖ ಎತ್ತಿ ನೋಡಬಾರದು" ಎಂದು ಬೈಸಿಕೊಂಡಳು. ನಾನು ಅಂದಿನಿಂದ ನೋಡುವುದನ್ನು ಬಿಟ್ಟೆ. ಅಕ್ಕ ಬಿಡಲಿಲ್ಲ.

ಫೋನ್ ನಂಬರು ಹುಡುಕಿ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕಡೆಯಿಂದ ಮ್ಯಾನೇಜರು ಬಹಳ ಮರ್ಯಾದೆಯಿಂದ ಮಾತಾಡಿದರು. ನಾನು ಎರಡೆರಡು ಸಲ ಕೇಳಿದೆ, ಬಾಲ್ಕನಿ ಇರುವ ಕೋಣೆಯೇ ಬೇಕು, ರಸ್ತೆ ಕಾಣುವ ಕಡೆಯದು. "ಬಾಲ್ಕನಿ ರೂಮೇ ಕೊಡ್ತೀನ್ರೀ ಅಮ್ಮಾ. ಬೇಫಿಕರ್ ಬರ್ರಿ" ಎಂದರು.

ನಾನು ಬಳ್ಳಾರಿಯಿಂದ ಸಿಂಧನೂರಿಗೆ ಬಂದೆ, ಅಲ್ಲಿಂದ ಇಬ್ಬರೂ ಯಾವ ಚಿಂತೆಯೂ ಇಲ್ಲದೆ, ಬೇಫಿಕರ್ ಆಗಿಯೇ ಹೊರಟೆವು. ಸಿಂಧನೂರು ಬಿಟ್ಟ ಮೇಲೆ ಸ್ವಲ್ಪ ದೂರದವರೆಗೆ ಕಾಲುವೆ, ಗದ್ದೆ, ಹಸಿರು. ಮಸ್ಕಿ ದಾಟಿದ ಮೇಲೆ ಬರೀ ಬೆಂದ ಎರೆ ಹೊಲ, ಕಲ್ಲುಗುಡ್ಡ. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಅಕ್ಕ ಮಾತ್ರ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು ಕೂತಿದ್ದಳು.

ಲಾಡ್ಜಿನ ಮುಂದೆ ಆಟೋ ಇಳಿದು ಮೇಲೆ ನೋಡಿದರೆ ಬಾಲ್ಕನಿಯೇ ಇರಲಿಲ್ಲ. ಇದ್ದ ಜಾಗದಲ್ಲಿ ಒಂದು ಮುಖವಿತ್ತು. ದಪ್ಪ ಮೀಸೆ, ಹಣೆಗೆ ನಾಮ, ಕೈ ಮುಗಿದುಕೊಂಡು ನಗುವ ಊರಿನ ಒಬ್ಬ ಮುಖಂಡರು. ಅವರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಶುಭಾಶಯ ಕೋರಿ ಹಾಕಿಸಿದ ಫ್ಲೆಕ್ಸ್ ಬ್ಯಾನರು, ಮೇಲಂತಸ್ತಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಸುತ್ತಲೂ ಸಣ್ಣ ಸಣ್ಣ ಗುಂಡು ಚೌಕಟ್ಟುಗಳಲ್ಲಿ ಅಭಿಮಾನಿಗಳ ಮುಖಗಳು, ಎಲ್ಲರಿಗೂ ಕಪ್ಪು ಕನ್ನಡಕ.

"ಎಲ್ಲೈತಿ ಅಕ್ಕಾ ನಿನ್ನ ಬಾಲ್ಕನಿ?" ಎಂದೆ.

"ಹಿಂದೈತಿ, ಎಲ್ಲಿ ಹೊಕ್ಕತಿ?" ಎಂದು ಅಕ್ಕ ಮೆಟ್ಟಿಲ ಕಡೆಗೆ ನಡೆದಳು.

ಮೆಟ್ಟಿಲು ಕಲ್ಲಿನವು, ಎತ್ತರ, ನಡುವೆ ಸವೆದು ತಗ್ಗು ಬಿದ್ದಿದ್ದವು. ಮೊಣಕಾಲು ನೋಯುವ ಅಕ್ಕನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಹತ್ತಿಸುವಷ್ಟರಲ್ಲಿ ನನಗೇ ಏದುಸಿರು ಬಂತು. ಹಿಡಿದುಕೊಳ್ಳಲು ಒಂದು ಸರಳಾದರೂ ಬೇಡವೇ ಎಂದು ಮ್ಯಾನೇಜರನ್ನು ಕೇಳಿದೆ. ಐವತ್ತು ದಾಟಿದ, ಸಣಕಲು ದೇಹದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸಾಹೇಬರು. ಎದೆಯ ಮೇಲೆ ಕೈಯಿಟ್ಟು, "ಹಳೇ ಬಿಲ್ಡಿಂಗ್ ಐತಲ್ರೀ ಅಮ್ಮಾ, ನಿಜಾಮರ ಜಮಾನಾದ್ದು" ಎಂದರು. ಅದು ಉತ್ತರವೆಂದೇ ಅವರು ತಿಳಿದಿದ್ದರು. ಮುಂದಿನ ಎರಡು ದಿನ ನನ್ನ ಪ್ರತಿ ದೂರಿಗೂ ಆ ಒಂದೇ ಉತ್ತರ ಬಂತು. ನಲ್ಲಿಯಲ್ಲಿ ಬಿಸಿನೀರು ಯಾಕಿಲ್ಲ, ಹಳೇ ಬಿಲ್ಡಿಂಗ್. ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಯಾಕಿಲ್ಲ, ಹಳೇ ಬಿಲ್ಡಿಂಗ್, ಗೋಡಿ ದಪ್ಪ. ಕಸದ ಬುಟ್ಟಿ ಯಾಕಿಲ್ಲ ಎಂದದ್ದಕ್ಕೂ ನಿಜಾಮನೇ ಹೊಣೆಯಾದ.

ಕೋಣೆ ದೊಡ್ಡದಿತ್ತು. ಸುಳ್ಳು ಹೇಳಬಾರದು, ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ಹತ್ತಿತು. ಹೊರಗೆ ರಾಯಚೂರು ಜಿಲ್ಲೆಯ ಬಿಸಿಲು ಹೆಂಚಿನ ಹಾಗೆ ಕಾದಿತ್ತು, ಒಳಗೆ ಬಾವಿಯ ಮೆಟ್ಟಿಲ ಮೇಲೆ ಕೂತ ಹಾಗಿತ್ತು. ಮನೆಯಲ್ಲಿ ಏಸಿ ಹಾಕಿದರೂ ನನಗೆ ಇಂಥ ತಂಪು ಸಿಕ್ಕಿಲ್ಲ. ಆದರೆ ಎತ್ತರದ ಮಾಳಿಗೆಯಿಂದ ಉದ್ದನೆಯ ಕೊಳವೆಗೆ ನೇತುಬಿದ್ದ ಫ್ಯಾನು ಕಟಕಟ ಅನ್ನುತ್ತಿತ್ತು. ಬೀಟೆಯ ಮಂಚ ಅರಮನೆಯದರಂತಿತ್ತು, ಅದರ ಮೇಲಿನ ಫೋಮ್ ಗಾದಿ ಕೂತ ಕಡೆ ಕೂತವರನ್ನು ನುಂಗುತ್ತಿತ್ತು. ಅಂಥ ಬೇಸಿಗೆಯಲ್ಲಿ ಹೊದೆಯಲು ಹುಲಿಯ ಚಿತ್ರದ ಉಣ್ಣೆ ರಗ್ಗು ಮಡಚಿಟ್ಟಿದ್ದರು. ಗೋಡೆಯ ಮೇಲೆ ಹೊಸದಾಗಿ ಗುಲಾಬಿ ಬಣ್ಣ ಬಳಿದು, ಹಳೆಯ ಗಾರೆಯ ಹೂಬಳ್ಳಿಗಳನ್ನೆಲ್ಲ ಮುಚ್ಚಿಹಾಕಿದ್ದರು.

"ಎಷ್ಟು ಚಂದ ಐತಲ್ಲ!" ಎಂದಳು ಅಕ್ಕ.

ನಾನು ಬಾಲ್ಕನಿಯ ಬಾಗಿಲು ತೆರೆದೆ. ಬಾಲ್ಕನಿ ಇತ್ತು. ಎರಡು ಮುರುಕು ಕುರ್ಚಿ, ಪೇಂಟಿನ ಖಾಲಿ ಡಬ್ಬಿಗಳು, ಒಂದು ಸಿಂಟೆಕ್ಸ್ ಟ್ಯಾಂಕು. ಎದುರಿಗೆ ರಸ್ತೆಯ ಬದಲು ಫ್ಲೆಕ್ಸಿನ ಬೆನ್ನು. ಬಿಸಿಲು ಆ ಕಡೆಯಿಂದ ಬೀಳುತ್ತಿದ್ದುದರಿಂದ ಮುಖಂಡರ ಮುಖ ತಿರುವುಮುರುವಾಗಿ ನಮ್ಮ ಮೇಲೆ ಹೊಳೆಯುತ್ತಿತ್ತು. ಅವರ ಒಂದು ಕಿವಿಯೇ ನನ್ನ ಮುಖದಷ್ಟಿತ್ತು.

ಮ್ಯಾನೇಜರನ್ನು ಕರೆದೆ. "ಸಾಹೇಬ್ರ, ಇದೇನ್ರೀ? ರಸ್ತೆ ಕಾಣ್ತೈತಿ ಅಂದಿದ್ರಲ್ಲ?"

"ಬಾಲ್ಕನಿ ರೂಮು ಅಂದಿದ್ದೆ ಅಮ್ಮಾ. ಬಾಲ್ಕನಿ ಐತಲ್ಲ."

"ಬಿಚ್ಚಸ್ರಿ ಇದನ್ನ."

ಅವರು ಒಮ್ಮೆ ಫ್ಲೆಕ್ಸನ್ನೂ ಒಮ್ಮೆ ನನ್ನನ್ನೂ ನೋಡಿದರು. "ಹ್ಯಾಂಗ ಬಿಚ್ಚಲ್ರೀ? ಅಣ್ಣಾರ ಹುಡುಗ್ರು ಕಟ್ಟಿ ಹೋಗ್ಯಾರ. ನನ್ನ ಕೇಳಿಲ್ಲ, ಮಾಲಕರ್ನ ಕೇಳಿಲ್ಲ. ಬರ್ತ್‌ಡೇ ಮುಗೀಲಿ, ಅವರ ಬಿಚ್ಚತಾರ. ಈಗ ನಾ ಕೈ ಹಚ್ಚಿದ್ರ ನಾಳಿ ಊರಾಗ ತಿರಗಾಕ ಆಗಂಗಿಲ್ಲ."

ಮಾಲಕರು ಹೈದರಾಬಾದಿನಲ್ಲಿದ್ದಾರೆ, ವರ್ಷಕ್ಕೊಮ್ಮೆಯೂ ಬರುವುದಿಲ್ಲ ಎಂಬುದೂ ಆಗಲೇ ತಿಳಿಯಿತು. ಬೇರೆ ಕಡೆ ಹೋಗೋಣ, ಬಸ್ ನಿಲ್ದಾಣದ ಹತ್ತಿರ ಹೊಸ ಹೋಟೆಲುಗಳಿವೆ, ಲಿಫ್ಟ್ ಇದೆ ಎಂದು ನಾನು ಚೀಲ ಎತ್ತಿಕೊಂಡೆ. ತಿರುಗಿ ನೋಡಿದರೆ ಅಕ್ಕ ಮುರುಕು ಕುರ್ಚಿಯನ್ನು ಸೆರಗಿನಿಂದ ಒರೆಸಿ, ಫ್ಲೆಕ್ಸಿನ ಹತ್ತಿರ ಎಳೆದುಕೊಂಡು ಕೂತಿದ್ದಾಳೆ. ಗಾಳಿಗೆ ಹರಿಯಬಾರದೆಂದು ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು ಬಿಟ್ಟಿರುತ್ತಾರಲ್ಲ, ಮೀಸೆಯ ಪಕ್ಕದ ಅಂಥದೊಂದು ಸೀಳಿಗೆ ಕಣ್ಣು ಹಚ್ಚಿದ್ದಳು.

"ಇಲ್ಲಿ ಬಾ ಬೇ. ಬಜಾರ ಪೂರಾ ಕಾಣ್ತೈತಿ."

"ನೀ ಅರವತ್ತು ದಾಟಿದಾಕಿ ಅಕ್ಕಾ. ಒಬ್ಬರ ಮೀಸಿ ಸಂದಿಯೊಳಗ ಹಣಿಕಿ ನೋಡ್ತಿಯಲ್ಲ, ನಾಚಿಕಿ ಬ್ಯಾಡನು?"

"ಮಾವಿನಹಣ್ಣಿನ ಬಂಡಿ ಬಂದೈತಿ ನೋಡು" ಅಂದಳು, ನನ್ನ ಮಾತು ಕಿವಿಗೇ ಬೀಳದವಳ ಹಾಗೆ.

ನಾನು ಚೀಲ ಕೆಳಗಿಟ್ಟೆ. ಸಿಟ್ಟು ಬಂದಿತ್ತು. ಮ್ಯಾನೇಜರ ಮೇಲೋ, ಆ ಅಭಿಮಾನಿಗಳ ಮೇಲೋ, ಎಲ್ಲವನ್ನೂ ಚಂದ ಚಂದ ಎನ್ನುವ ಅಕ್ಕನ ಮೇಲೋ ನನಗೇ ಗೊತ್ತಿರಲಿಲ್ಲ. ಸಂಜೆ ಪಕ್ಕದ ಖಾನಾವಳಿಯಿಂದ ಊಟ ತರಿಸಿದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆ ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಯದಂತೆ ಫ್ಯಾನು ನೋಡಿಕೊಂಡಿತು.

ನಿಜವಾದ ಪಡಿಪಾಟಲು ಮರುದಿನ ಬೆಳಿಗ್ಗೆ ಕಾದಿತ್ತು.

ಆ ಕೋಣೆಗೆ ಮೊದಲು ಬಚ್ಚಲು ಇರಲಿಲ್ಲವಂತೆ. ಆಮೇಲೆ ಹಿಂದಿನ ಪಡಸಾಲೆಗೆ ಗೋಡೆ ಹಾಕಿ ಬಚ್ಚಲು ಮಾಡಿ, ಕಟ್ಟಡದಲ್ಲೇ ಎಲ್ಲಿಂದಲೋ ಕಿತ್ತು ತಂದ ಸಾಗವಾನಿಯ ಬಾಗಿಲು ಕೂಡಿಸಿದ್ದರು. ಅಂಗೈ ದಪ್ಪದ ಹಲಗೆ, ಮೇಲೆ ಕೆತ್ತಿದ ಕಮಲ, ಹಿತ್ತಾಳೆಯ ಗುಬ್ಬಿಗಳು. ತಳ್ಳಲು ಎರಡು ಕೈ ಬೇಕು. ಸಾಹೇಬರು ಎರಡು ಬಕೆಟ್ ಬಿಸಿನೀರು ತರಿಸಿಕೊಟ್ಟರು. ಅಕ್ಕ ಸೀರೆ ಹಿಡಿದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳು ಇನ್ನೂ ಏನೂ ತಿಂದಿರಲಿಲ್ಲ. ಸ್ನಾನವಾಗದೆ ಬಾಯಿಗೆ ಏನೂ ಹಾಕುವುದಿಲ್ಲ ಎಂಬುದು ಅವಳ ಹಟ. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ನುಂಗಿದ್ದಳು.

ಸ್ನಾನ ಮುಗಿದ ಸಪ್ಪಳವಾಯಿತು. ಚಿಲಕ ಕಿರುಗುಟ್ಟಿತು. ಬಾಗಿಲು ತೆರೆಯಲಿಲ್ಲ.

"ತಂಗೀ, ಚಿಲಕ ಬರವಲ್ದು" ಎಂದಳು ಒಳಗಿನಿಂದ.

ಮೇಲಕ್ಕೆತ್ತಿ ಎಳಿ, ಬಾಗಿಲು ಒತ್ತಿ ಹಿಡಿದು ಎಳಿ, ಎಡಕ್ಕೆ ತಿರುವು ಎಂದು ನಾನು ಹೊರಗಿನಿಂದ ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಚಿಲಕ ಅರ್ಧಕ್ಕೆ ಬಂದು ಕಚ್ಚಿಕೊಂಡು ಕೂತಿತ್ತು. ಫೋನ್ ಮಾಡಲು ಸಿಗ್ನಲ್ ಇಲ್ಲ. ಮೆಟ್ಟಿಲ ತುದಿಗೆ ಹೋಗಿ ನಿಂತು ಕೂಗಿದೆ. ಸಾಹೇಬರು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು.

"ಬಡಗೀನ್ನ ಕರಸ್ರಿ."

"ನಮ್ಮ ಬಡಗಿ ಮುದಗಲ್ಲಿಗೆ ಲಗ್ನಕ್ಕ ಹೋಗ್ಯಾನ್ರೀ ಅಮ್ಮಾ. ಮಧ್ಯಾಹ್ನಕ್ಕ ಬರ್ತಾನ."

"ಊರಾಗ ಅವನೊಬ್ನ ಬಡಗೀನು? ಮತ್ತೊಬ್ಬನ್ನ ಕರಸ್ರಿ, ಇಲ್ಲಾ ಬಾಗಲಾ ಮುರೀರಿ!"

ಮುರೀರಿ ಎಂದದ್ದೇ ತಡ, ಸಾಹೇಬರು ಬಾಗಿಲಿಗೆ ಅಡ್ಡ ನಿಂತಂತೆ ನಿಂತರು. "ಹಂಗನಬ್ಯಾಡ್ರಿ. ಇದು ನಿಜಾಮರ ಜಮಾನಾದ ಬಾಗಲಾ. ಮುರದ್ರ ಮತ್ತ ಸಿಗಂಗಿಲ್ರೀ. ಮಾಲಕರನ್ನ ಒಂದ ಮಾತ ಕೇಳ್ತೀನಿ." ಎಂದವರೇ ಸಿಗ್ನಲ್ ಹುಡುಕಿಕೊಂಡು ಮೆಟ್ಟಿಲ ಕಡೆಗೆ ಓಡಿದರು. ಹೈದರಾಬಾದಿನವರು ಫೋನ್ ಎತ್ತಲಿಲ್ಲ. ಇನ್ನೂ ಎದ್ದಿರಲಿಕ್ಕಿಲ್ಲ ಎಂದು ಇವರೇ ಸಮಾಧಾನ ಹೇಳಿದರು.

ಅಷ್ಟರಲ್ಲಿ ಒಳಗಿನಿಂದ ಅಕ್ಕ, "ಬಾಗಲಾ ಮುರೀಬ್ಯಾಡ್ರಿ! ಎಷ್ಟ ಚಂದ ಕೆತ್ತ್ಯಾರ. ನನಗೇನೂ ಆಗಿಲ್ಲ, ಇಲ್ಲಿ ತಂಪೈತಿ" ಎಂದು ಕೂಗಿದಳು.

ಹೊರಗಿನವರಿಗೂ ಬಾಗಿಲೇ ಮುಖ್ಯ, ಒಳಗಿನವಳಿಗೂ ಬಾಗಿಲೇ ಮುಖ್ಯ. ಇಬ್ಬರ ನಡುವೆ ನಾನೊಬ್ಬಳು ಹುಚ್ಚಿಯ ಹಾಗೆ ಕೈ ಕೈ ಹಿಸುಕಿಕೊಳ್ಳುತ್ತಿದ್ದೆ.

ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇತ್ತು. ಚೀಲದಲ್ಲಿದ್ದ ಬಿಸ್ಕತ್ತು ತೆಗೆದು, ಹಳೆಯ ಪೇಪರಿನ ಮೇಲಿಟ್ಟು ಒಳಗೆ ಸರಿಸಿದೆ. "ತಿನ್ನು ಅಕ್ಕಾ, ಬಾಗಿ ತಗೋ" ಎಂದೆ. ಮೊಣಕಾಲು ಬಾಗಬೇಕಲ್ಲ. ಕೂತರೆ ಏಳಲಾಗುವುದಿಲ್ಲ, ಬಗ್ಗಿದರೆ ತಲೆ ಸುತ್ತುತ್ತದೆ ಎಂದಳು. ನೀರು ಹರಿದ ನೆಲದ ಮೇಲೆ ಬಿಸ್ಕತ್ತು ನೆನೆದು ಹಿಟ್ಟಾಯಿತು. ಸಾಹೇಬರು ಮತ್ತೆ ಫೋನು ಹಚ್ಚಲು ಹೋದರು. ನಾನು ಬಾಗಿಲಿಗೆ ಕಿವಿಯಿಟ್ಟು ಮಾತಾಡಿಸುತ್ತಲೇ ಇದ್ದೆ. ಮೊದಮೊದಲು ಉದ್ದುದ್ದ ಉತ್ತರ ಬರುತ್ತಿತ್ತು. ಆಮೇಲೆ ಬರೀ "ಹೂಂ". ಆಮೇಲೆ ಅದೂ ಇಲ್ಲ.

"ಅಕ್ಕಾ? ಏ ಅಕ್ಕಾ! ಮಾತಾಡು."

ಸ್ವಲ್ಪ ಹೊತ್ತಿಗೆ ಸಣ್ಣ ದನಿ ಬಂತು. "ಕೈ ನಡಗಾಕತ್ಯಾವ ಬೇ. ಮೈಯೆಲ್ಲಾ ಬೆವತೈತಿ."

ಆ ದನಿ ಕೇಳಿದ ಮೇಲೆ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಒಂದು ಬಾಗಿಲಿಗೆ ಒತ್ತು ಕೊಟ್ಟು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇಟ್ಟಿದ್ದರು. ಧೂಳು ಹಿಡಿದಿತ್ತು. ಅದನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದೆ. ಅಕ್ಕನಿಗೆ ಗೋಡೆಗೆ ಸರಿದು ನಿಲ್ಲು ಎಂದು ಕೂಗಿ, ಚಿಲಕವಿದ್ದ ಕಡೆ ಗುರಿಯಿಟ್ಟು ಹೊಡೆದೆ. ಸಾಹೇಬರು "ಯಾ ಅಲ್ಲಾ, ಅಮ್ಮಾ, ಬಾಗಲಾ!" ಎಂದು ಮೆಟ್ಟಿಲ ಮೇಲಿಂದ ಓಡಿಬಂದರು. ನಾನು ಇನ್ನೊಮ್ಮೆ ಹೊಡೆದೆ. ತೋಳು ಕಿತ್ತುಬಂದ ಹಾಗಾಯಿತು. ಜೀವನದಲ್ಲಿ ಒಂದು ಹಾವಿಗೂ ಕೋಲು ಎತ್ತಿದವಳಲ್ಲ ನಾನು. ಮತ್ತೊಮ್ಮೆ ಹೊಡೆದಾಗ ಒಳಗಡೆ ಏನೋ ಕಿತ್ತು ಟಣ್ ಎಂದು ನೆಲಕ್ಕೆ ಬಿತ್ತು. ಬಾಗಿಲು ಭಾರವಾಗಿ, ನಿಧಾನವಾಗಿ ತೆರೆದುಕೊಂಡಿತು.

ಅಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಆದರೂ ನಿರಿಗೆ ಹಾಕಿ ಸೀರೆ ಉಟ್ಟು, ತಲೆ ಬಾಚಿಕೊಂಡಿದ್ದಳು. ಹಿಡಿದುಕೊಂಡು ಬಂದು ಮಂಚದ ಮೇಲೆ ಕೂಡಿಸಿದೆ. ಬರೀ ಹೊಟ್ಟೆಯ ಮೇಲೆ ಗುಳಿಗೆ ನುಂಗಿ ಮೈಯ ಸಕ್ಕರೆ ಇಳಿದಿತ್ತು; ಚೀಲದಲ್ಲಿದ್ದ ಸಕ್ಕರೆಯನ್ನೇ ಎರಡು ಚಮಚ ಬಾಯಿಗೆ ಹಾಕಿದೆ. ತಿರುಗಿ ನೋಡಿದರೆ ಸಾಹೇಬರು ಬಾಗಿಲ ಮೇಲೆ ಕೈಯಾಡಿಸುತ್ತಿದ್ದಾರೆ.

"ಮೊದಲ ಮನಷ್ಯಾರನ್ನ ನೋಡ್ರೀ!" ಎಂದು ಚೀರಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಅವರು ಬೆಚ್ಚಿ ಬಂದು ಅಕ್ಕನ ಎದುರು ನಿಂತರು. ಕಣ್ಣು ತುಂಬಿದ್ದವು. "ಮಾಫ್ ಮಾಡ್ರಿ ಅಮ್ಮಾ. ಭಾಳ ಅಂಜಿಬಿಟ್ಟಿದ್ದೆ. ಬಾಗಲಾ ಹೋದ್ರ ನನ್ನ ನೌಕರಿ ಹೊಕ್ಕಿತ್ತು" ಎಂದರು.

ಬಣ್ಣ ಮರಳಿದ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಬಾಗಲಕ್ಕ ಏನೂ ಆಗಿಲ್ಲಲ್ಲ?"

ಏನೂ ಆಗಿರಲಿಲ್ಲ. ಮೂರು ಏಟಿಗೂ ಆ ಸಾಗವಾನಿಗೆ ಗೀರು ಬಿದ್ದದ್ದು ಬಿಟ್ಟರೆ ಬೇರೆ ಗಾಯವಿಲ್ಲ. ಕಿತ್ತುಬಿದ್ದದ್ದು ಚಿಲಕ. ಕೈಗೆತ್ತಿಕೊಂಡು ನೋಡಿದೆ. ಹಗುರ ತಗಡು, ಸಣ್ಣ ಸಣ್ಣ ಮೊಳೆ. "ಇದೂ ನಿಜಾಮಂದನ್ರೀ?" ಎಂದೆ. ಸಾಹೇಬರು ತಲೆ ಕೆಳಗೆ ಹಾಕಿದರು. "ಇಲ್ರೀ, ಹ್ವಾದ ವರ್ಷದ್ದು. ಹಳೇ ಹಿತ್ತಾಳಿ ಚಿಲಕ ಮಾಲಕರು ಹೈದರಾಬಾದಿಗೆ ಒಯ್ದ್ರು."

ಅರ್ಧ ಗಂಟೆಯಲ್ಲಿ ಅವರೇ ತಟ್ಟೆ ತುಂಬ ಒಗ್ಗರಣಿ, ಬಿಸಿ ಮಿರ್ಚಿ ಬಜ್ಜಿ ತಂದಿಟ್ಟರು. ಮಂಡಕ್ಕಿಯ ಒಗ್ಗರಣಿಯನ್ನು ಅಷ್ಟು ಮೆತ್ತಗೆ, ಅಷ್ಟು ಹದವಾಗಿ ಬಳ್ಳಾರಿಯಲ್ಲಿ ಎಲ್ಲೂ ತಿಂದಿಲ್ಲ. ತಿನ್ನುತ್ತಲೇ ನಾನು ಅಕ್ಕನಿಗೆ ಖಡಾಖಂಡಿತ ಹೇಳಿದೆ, ಇವತ್ತೇ ಹೊರಡೋಣ. ಅಕ್ಕ ಬಾಲ್ಕನಿಯ ಬಾಗಿಲ ಕಡೆ ಒಮ್ಮೆ ನೋಡಿ ತಟ್ಟೆಗೆ ಕಣ್ಣಿಳಿಸಿದಳು. ಅವಳು ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾಹೇಬರು ಬಾಗಿಲ ಹತ್ತಿರವೇ ನಿಂತಿದ್ದರು. "ಏನರ ಬೇಕಾದ್ರ ಹೇಳ್ರಿ ಅಮ್ಮಾ, ಏನ ಬೇಕಾದ್ರೂ" ಎಂದರು.

"ಆ ಮುಖಾ ಎತ್ತಸ್ರಿ" ಎಂದೆ.

"ಅಮ್ಮಾ..."

"ಅಕ್ಕ ಒಂದ ಕಪ್ ಚಹಾ ಕುಡೀತಾಳ ಅಲ್ಲಿ ಕುಂತು. ಅಷ್ಟ. ಇಲ್ಲಂದ್ರ ನಿಮ್ಮ ಮಾಲಕರಿಗೆ ನಾನ ಫೋನ್ ಹಚ್ಚತೀನಿ. ಬಾಗಲದ ಸುದ್ದಿ ಅಲ್ಲ, ತಗಡಿನ ಚಿಲಕ ಹಾಕಿ ಮನಷ್ಯಾರನ್ನ ಸಾಯಿಸ್ತಿದ್ರಿ ಅಂತ ಚಿಲಕದ ಸುದ್ದಿ ಹೇಳ್ತೀನಿ."

ಅವರು ಸಂಜೆ ಬಿಸಿಲು ಇಳಿದ ಮೇಲೆ ಟ್ಯಾಂಕಿನ ಮೇಲೆ ಹತ್ತಿ ನಿಂತು, ಫ್ಲೆಕ್ಸಿನ ಕೆಳಗಿನ ಹಗ್ಗಗಳನ್ನು ಬಿಚ್ಚಿ, ಚಾಪೆ ಸುತ್ತಿದ ಹಾಗೆ ಸುತ್ತುತ್ತ ಮೇಲೆ ಕಟ್ಟಿದರು. ಮುಗಿದ ಕೈ ಹೋಯಿತು, ಅಭಿಮಾನಿಗಳು ಹೋದರು, ಗಲ್ಲ ಹೋಯಿತು. ಮೀಸೆಯೂ ಹೋದ ಮೇಲೆ ಹಣೆಯ ನಾಮದ ಹತ್ತಿರ ನಿಲ್ಲಿಸಿ, "ಇನ್ನ ಮ್ಯಾಲ ಎತ್ತಾಂಗಿಲ್ರೀ" ಎಂದರು. ಗಾಳಿ ಒಮ್ಮೆಲೇ ಒಳಗೆ ನುಗ್ಗಿತು. ಎದುರಿಗೆ ಬಜಾರ ಬಿಚ್ಚಿಕೊಂಡಿತು. ಬಳೆ ಅಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ, ಹಿಟ್ಟಿನ ಗಿರಣಿ ಇದ್ದಲ್ಲಿ ಮೂರಂತಸ್ತಿನ ಬಟ್ಟೆ ಅಂಗಡಿ. ಆದರೂ ರಸ್ತೆಯ ತಿರುವು ಅದೇ ಇತ್ತು.

ಅಕ್ಕ ಇಳಕಲ್ ಸೀರೆ ಉಟ್ಟು ಬಂದು ಕೂತಳು. ಕಪ್ಪೂ ಬಸಿಯೂ ಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಕಾಗದದ ಲೋಟದ ಕಾಲದಲ್ಲಿ ಸಾಹೇಬರು ಅವನ್ನು ಮನೆಯಿಂದ ತಂದಿದ್ದರು. ಸಕ್ಕರೆ ಇಲ್ಲದ ಚಹಾ. ಅವಳು ಬಸಿಗೆ ಸುರುವಿ, ಊದಿ, ಒಂದು ಗುಟುಕು ಕುಡಿದಳು.

ಅವಳು ಎರಡನೆಯ ಗುಟುಕು ಕುಡಿಯುವ ಮೊದಲೇ ಕೆಳಗೆ ಒಂದು ಬೈಕು ನಿಂತಿತು. ಕಪ್ಪು ಕನ್ನಡಕದ ಯುವಕ. ಫ್ಲೆಕ್ಸಿನ ಮೇಲಿದ್ದ ಮುಖಗಳಲ್ಲಿ ಒಂದು.

"ಏಯ್! ಯಾರ್ರೀ ಮ್ಯಾಲ? ಅಣ್ಣಾರ ಬ್ಯಾನರ್ ಯಾರು ಎತ್ತಿದ್ದು?"

ಸಾಹೇಬರು ಟ್ಯಾಂಕಿನ ಹಿಂದೆ ಸರಿದರು. ನಾನು ಮುಂದೆ ಬಂದೆ. ಕಟಕಟೆಯ ಮೇಲೆ ಬಾಗಿ ಹೇಳಿದೆ, "ನಾ ಎತ್ತಸೀನಿ! ಏನೀಗ?"

"ಇಳಸ್ರೀ ಮೊದಲ ಅದನ್ನ!"

"ನಮ್ಮಕ್ಕ ಚಹಾ ಕುಡ್ಯಾಕತ್ತಾಳ. ಕುಡದ ಮ್ಯಾಲ ಇಳಸ್ತೀವಿ. ನಿಮ್ಮ ಅಣ್ಣಾರ್ನೂ ಕರಕೊಂಡ ಬಾ, ಅವರೂ ಕುಡೀಲಿ. ಮಂದಿ ಮನಿ ಕಿಟಕಿ ಬಾಗಲಾ ಮುಚ್ಚಿ ಹುಟ್ಟಿದಹಬ್ಬ ಮಾಡಂತ ಅವರ ಹೇಳ್ಯಾರೇನು ಕೇಳತೀನಿ!"

ಮಾವಿನಹಣ್ಣಿನವನು ನಕ್ಕ. ಬಟ್ಟೆ ಅಂಗಡಿಯವರು ಹೊರಗೆ ಬಂದು ನಿಂತರು. ಯುವಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಎಷ್ಟೊತ್ತು ಕುಡೀತಾರ?" ಎಂದು ಕೇಳಿದ.

ಅಕ್ಕ ಬಸಿ ಕೆಳಗಿಡದೆಯೇ ಅಂದಳು, "ಬಿಸಿ ಐತಪಾ. ತಡಿ. ಅಲ್ಲಿ ನಿನ್ನ ಹಿಂದ ಬಳಿ ಅಂಗಡಿ ಇತ್ತಲ್ಲ, ಅವರು ಎಲ್ಲಿ ಹೋದ್ರು?"

ಅವನು ಹಿಂದೆ ತಿರುಗಿ ನೋಡಿದ. "ಅವರು ಸಿಂಧನೂರಿಗೆ ಹೋಗ್ಯಾರ ಅಮ್ಮಾ. ಅಲ್ಲಿ ದೊಡ್ಡ ಅಂಗಡಿ ಹಾಕ್ಯಾರ" ಎಂದ. ಅಲ್ಲಿಗೆ ಅವನ ಜಗಳದ ಕಾವು ಆರಿತು. ಬೈಕಿನ ಮೇಲೆ ಕೂತೇ ಕಾದ. ಅಕ್ಕ ಒಂದು ಗುಟುಕನ್ನೂ ಅವಸರ ಮಾಡಲಿಲ್ಲ. ಕಪ್ಪಿನ ತಳದ ಚಹಾವನ್ನೂ ಬಸಿಗೆ ಸುರುವಿ ಕುಡಿದು, ಬಾಯೊರೆಸಿಕೊಂಡು, "ಇಳಸ್ರಿ ಸಾಹೇಬ್ರ" ಎಂದಳು. ಮುಖಂಡರು ಮತ್ತೆ ಕೆಳಗೆ ಬಂದು ನಮ್ಮ ಬಜಾರವನ್ನು ಮುಚ್ಚಿದರು. ಯುವಕ ಕೈಯೆತ್ತಿ ಬೈಕು ಬಿಟ್ಟುಕೊಂಡು ಹೋದ.

ಮರುದಿನ ಬೆಳಿಗ್ಗೆ ಹೊರಟೆವು. ಮೆಟ್ಟಿಲು ಇಳಿಯುವಾಗ ಸಾಹೇಬರೇ ಅಕ್ಕನ ಕೈ ಹಿಡಿದುಕೊಂಡರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಅಕ್ಕ, "ಇಳದು ಅಶೋಕನ ಶಾಸನಾ ನೋಡಿ ಹೋಗೂಣೇನು?" ಎಂದಳು. ಹಳೆಯದು ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುವ ಸ್ಥಿತಿಯಲ್ಲಿದ್ದೆ ನಾನು. "ಒಂದ ಕಲ್ಲೂ ನೋಡಂಗಿಲ್ಲ" ಎಂದೆ. ಅವಳು ನಕ್ಕು, ಕಿಟಕಿಗೆ ತಲೆಯಾನಿಸಿ ಸಿಂಧನೂರಿನ ತನಕ ನಿದ್ದೆ ಮಾಡಿದಳು.

ತಿಂಗಳ ಮೇಲೆ ಸಾಹೇಬರ ಫೋನು ಬಂತು. "ಅಮ್ಮಾ, ಬ್ಯಾನರ್ ಬಿಚ್ಚ್ಯಾರ್ರೀ. ಬಾಲ್ಕನಿ ಪೂರಾ ಖಾಲಿ. ಬಚ್ಚಲಕ್ಕ ಗಟ್ಟಿ ಚಿಲಕ ಹಾಕ್ಸೀನಿ. ಮುಂದಿನ ವಾರ ಮತ್ತೊಬ್ಬರ ಬರ್ತ್‌ಡೇ ಐತಿ, ಅಷ್ಟ್ರಾಗ ಬರ್ರಿ." ನಾನು ಬಿಲ್‌ಕುಲ್ ಬರುವುದಿಲ್ಲ, ನನಗೆ ಲಿಫ್ಟ್ ಬೇಕು, ನಲ್ಲಿಯಲ್ಲಿ ಬಿಸಿನೀರು ಬೇಕು, ಸದ್ದು ಮಾಡದ ಫ್ಯಾನು ಬೇಕು ಎಂದು ಹೇಳಿ ಇಟ್ಟುಬಿಟ್ಟೆ. ಸಂಜೆ ಅಕ್ಕನಿಗೆ ಈ ಸುದ್ದಿ ಹೇಳಿ ನಗಬೇಕೆಂದು ಫೋನು ಹಚ್ಚಿದರೆ ಸೊಸೆ ಎತ್ತಿದಳು.

"ಅತ್ತಿ ಇಲ್ಲ ಚಿಗವ್ವಾ. ಬಾಜೂ ಮನಿ ಅಮ್ಮಾರ್ನ ಕರಕೊಂಡು ಲಿಂಗಸೂರಿಗೆ ಹೋಗ್ಯಾರ. ಯಾವುದೋ ಲಾಡ್ಜಿನ ಸಾಹೇಬ್ರು ಮುಂಜಾನೆ ಫೋನ್ ಮಾಡಿದ್ರಂತ, ಅಲ್ಲೇ ಇರ್ತಾರಂತ. ನಿಮಗ ಹೇಳಿಲ್ಲನು?"

ಹೇಳಿರಲಿಲ್ಲ. ಹೇಳಿದ್ದರೂ ನಾನು ಹೋಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ಆ ಸಂಜೆಯೆಲ್ಲ ನನಗೆ ಸಿಟ್ಟು. ರಾತ್ರಿ ಅಡುಗೆಗೆ ಒಲೆಯ ಮೇಲೆ ಪಾತ್ರೆ ಕುಕ್ಕಿ ಇಟ್ಟೆ. ಬಾಜೂ ಮನೆಯವರಿಗೆ ಅಕ್ಕನ ಸಕ್ಕರೆ ಗುಳಿಗೆಯ ಸಂಗತಿ ಗೊತ್ತಿದೆಯೋ ಇಲ್ಲವೋ ಎಂದು ಸೊಸೆಗೆ ಮತ್ತೊಮ್ಮೆ ಫೋನು ಮಾಡಿ ಕೇಳಿದೆ.